ಒತ್ತು, ಹಿಡಿ, ಬಿಡು

ಬಸವನ ಬಾಗೇವಾಡಿ
೬ ನವೆಂಬರ್ ೨೦೨೫

ಪ್ರೀತಿಯ ಗೆಳತಿ ರಾಜೂಗೆ,

ನಿನ್ನ ಅಬಿದಾಳ ಸಲಾಮು. ನಿಮ್ಮ ಮನೆಯ ಹಿರಿಯರಿಗೆ ನನ್ನ ಶರಣು ಹೇಳು. ನಿನ್ನ ಮಗಳು ದಾನೇಶ್ವರಿಯ ಗಲ್ಲವನ್ನು ನನ್ನ ಪರವಾಗಿ ಒಂದು ಸಲ ಹಿಂಡು. ಮದುಮಗಳಾದರೇನು, ನನಗೆ ಅವಳು ಇನ್ನೂ ನಮ್ಮ ಅಂಗಳಕ್ಕೆ ಬಂದು ಗಾಡಿಯ ಹಾರ್ನ್ ಒತ್ತಿ ಓಡಿಹೋಗುತ್ತಿದ್ದ ಹುಡುಗಿಯೇ.

ಉತ್ತರ ತಡವಾಯಿತು, ಸಿಟ್ಟಾಗಬೇಡ. ನೀನು ಫೋನ್ ಮಾಡಿದಾಗ ಎತ್ತಿದವಳು ನಾನೇ. ನೀನು ‘ಅಬಿ’ ಅಂದ ಕೂಡಲೇ ಫೋನನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟೆ. ಕಾಗದವಾದರೆ ನಡುವೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರಬಹುದು, ಆಚೆ ಯಾರೂ ಕಾಯುತ್ತಿರುವುದಿಲ್ಲ. ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಬರೆಯುವ ಚಟ ಮಾತ್ರ ಬಿಟ್ಟಿಲ್ಲ, ನಿನಗೆ ಗೊತ್ತಲ್ಲ. ಈಗಲೂ ಸಂಜೆ ಹೊತ್ತು ದಿನಚರಿ ಬರೆಯುತ್ತೇನೆ. ಇವತ್ತು ಚಳಿ ಇತ್ತು, ಪುಂಡಿಪಲ್ಲೆ ಮಾಡಿದೆ, ಅತ್ತೆ ಅರ್ಧ ರೊಟ್ಟಿ ತಿಂದರು. ಇಷ್ಟೇ. ಮೊದಲು ‘ಇವರು ಇಂತಲ್ಲಿಗೆ ಹೋದರು, ಇಷ್ಟೊತ್ತಿಗೆ ಬಂದರು’ ಅಂತ ಒಂದು ಸಾಲು ಇರುತ್ತಿತ್ತು. ಈಗ ಆ ಸಾಲಿಲ್ಲ.

ನಮ್ಮಲ್ಲಿ ಗಂಡ ತೀರಿದವಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು, ಪರಗಂಡಸರ ಎದುರು ಬರಬಾರದು. ಇದ್ದತ್ ಅನ್ನುತ್ತಾರೆ. ವರ್ಷದ ಕೊನೆಗೆ ನನ್ನದು ಮುಗಿಯುತ್ತದೆ. ಇಂಡಿಯಿಂದ ಮಗಳು ತರನ್ನುಮ ಬಂದು ಒಂದು ತಿಂಗಳು ಇದ್ದು ಹೋದಳು. ಮಕ್ಕಳ ಶಾಲೆ, ಗಂಡನ ಅಂಗಡಿ. ಎಷ್ಟಂತ ಇದ್ದಾಳು ಪಾಪ. ಈಗ ಮನೆಯಲ್ಲಿ ಅತ್ತೆ ರಮಜಾನಬಿ ಮತ್ತು ನಾನು. ಮಗನನ್ನು ಕಳೆದುಕೊಂಡವರು ಮತ್ತು ಗಂಡನನ್ನು ಕಳೆದುಕೊಂಡವಳು. ಯಾರು ಯಾರಿಗೆ ಸಮಾಧಾನ ಹೇಳಬೇಕು ಅನ್ನುವುದೇ ತಿಳಿಯುವುದಿಲ್ಲ.

ಈಗ ನೀನು ಕೇಳಿದ ಮಾತು. ತಿಂಗಳ ಕೊನೆಗೆ ದಾನೇಶ್ವರಿಯನ್ನು ಮುದ್ದೇಬಿಹಾಳದಿಂದ ಸಿಂದಗಿಗೆ ಗಂಡನ ಮನೆಗೆ ಕರೆದೊಯ್ಯಲು ನಮ್ಮ ಫಿಯಾಟ್ ಬರುತ್ತದೋ ಇಲ್ಲವೋ. ಅದರ ಜೊತೆಗೇ ನಿನ್ನ ಮೈದುನರು ಅಂದದ್ದನ್ನೂ ಮುಚ್ಚಿಡದೆ ಬರೆದಿದ್ದೀ: “ಆಕಿ ಗಂಡ ಅದರ ಕೆಳಗ ಮಲಗಿ ಪ್ರಾಣ ಬಿಟ್ಟಾನಂತ. ಅಂಥಾ ಗಾಡ್ಯಾಗ ಮದುಮಗಳನ್ನ ಕೂಡಸ್ತಾರೇನ್ರಿ? ಸಿಂದಗಿ ಬೀಗರು ಏನಂದಾರು?” ಅದಕ್ಕೆ ನೀನು, “ನಾ ಬಂದ ಗಾಡ್ಯಾಗ ನನ್ನ ಮಗಳು ಹೋಗ್ತಾಳ. ಬೀಗರಿಗೆ ನಾ ಹೇಳ್ತೇನಿ” ಅಂದೆಯಂತೆ. ಆ ಸಾಲನ್ನು ನಾನು ಅತ್ತೆಗೆ ಎರಡು ಸಲ ಓದಿ ಹೇಳಿದೆ.

ನಿನ್ನ ಮದುವೆ ನನಗೆ ಚೆನ್ನಾಗಿ ನೆನಪಿದೆ. ಇವರು ಗಾಡಿ ಓಡಿಸುತ್ತಿದ್ದರು, ನಾನು ಮುಂದೆ ಕೂತಿದ್ದೆ, ನೀನು ಹಿಂದೆ ಕೂತು ಮುದ್ದೇಬಿಹಾಳದ ಮನೆಗಳು ಕಾಣುವ ತನಕ ಅಳುತ್ತಲೇ ಇದ್ದೆ. ಎಲ್ಲೆಲ್ಲಿ ಎತ್ತುಗಳು ಅಡ್ಡ ಬಂದವೋ ಅಲ್ಲೆಲ್ಲ ಇವರು ಎಷ್ಟು ಮೆಲ್ಲಗೆ ನಿಲ್ಲಿಸಿದರೆಂದರೆ ನಿನಗೆ ಗೊತ್ತೇ ಆಗಲಿಲ್ಲ. “ಮದುಮಗಳ ಬಾಸಿಂಗ ಅಲುಗ್ಯಾಡಬಾರದು, ಅದು ಬ್ರೇಕು” ಅನ್ನುತ್ತಿದ್ದರು. ಈ ಊರಿನ ಸುತ್ತ ಎಷ್ಟು ಮದುಮಕ್ಕಳನ್ನು ಮುಟ್ಟಿಸಿ ಬಂದರೋ, ಒಬ್ಬಳ ಬಾಸಿಂಗವೂ ಜಾರಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಈಗ ಆ ಬ್ರೇಕೇ ಸರಿ ಇಲ್ಲ. ಅದಕ್ಕೇ ನಿನಗೆ ಹೌದು ಅನ್ನಲಿಲ್ಲ.

ನಿನ್ನ ಪತ್ರ ಬಂದ ಮೇಲೆ ಅತ್ತೆ ಭೀಮಶ್ಯಾನನ್ನು ಕರೆಸಿದರು. ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜ್ ಇಟ್ಟವನು. ಇವರನ್ನು ಬಾಬಣ್ಣ, ನನ್ನನ್ನು ವೈನಿ ಅನ್ನುತ್ತ ಹಿಂದೆ ತಿರುಗಿದವನು. ಬ್ಯಾಟರಿ ತಂದು ಹಾಕಿದ, ಗಾಡಿ ಒಂದೆರಡು ಸಲ ಕೆಮ್ಮಿ ಶುರುವಾಯಿತು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಆ ಸದ್ದು ಕೇಳುತ್ತ ಮೈಮರೆತೆ, ಒಲೆಯ ಮೇಲಿನ ಹಂಚಿನಲ್ಲಿ ರೊಟ್ಟಿ ಸೀದು ಹೋಯಿತು. ಭೀಮಶ್ಯಾ ಗಾಡಿಯನ್ನು ಒಂದು ಮಾರು ಮುಂದೆ ಒಯ್ದವನು ಬೇವಿನ ಮರಕ್ಕೆ ತಾಗಿಸಿಯೇ ನಿಲ್ಲಿಸಿದ.

“ಆಯಿ, ಗಾಡಿ ಓಡ್ತೈತಿ. ನಿಲ್ಲೂದು ಮಾತ್ರ ಅಲ್ಲಾನ ಕೈಯಾಗ ಐತಿ” ಅಂದ.

“ಎಲ್ಲಾರೂ ಅವನ ಕೈಯಾಗ ಅದೀವಿ. ನೀ ನಿನ್ನ ಕೈಯಾಗಿಂದು ಮಾಡು” ಅಂದರು ಅತ್ತೆ.

ಪೆಡಲ್ ಮೆತ್ತಗಾಗಿತ್ತು. ಹಸಿ ಹಿಟ್ಟಿನ ಮೇಲೆ ಕಾಲಿಟ್ಟಂತೆ ನೆಲದ ತನಕ ಹೋಗುತ್ತಿತ್ತು. ಎರಡು ಮೂರು ಸಲ ಬೇಗ ಬೇಗ ಒತ್ತಿದರೆ ಸ್ವಲ್ಪ ಮೇಲೆ ಬರುತ್ತಿತ್ತು, ಆದರೂ ಸ್ಪ್ರಿಂಗಿನ ಹಾಗೆ ಪುಟಿಯುತ್ತಿತ್ತು. ಹೀಗಿದ್ದರೆ ಗಾಳಿ ಸೇರಿದೆ ಅಂತ ಅರ್ಥ. ಇವರು ನನಗೆ ತಿಳಿಸಿಕೊಟ್ಟಿದ್ದರು. ಈ ಬ್ರೇಕಿನಲ್ಲಿ ಕಾಲಿನ ಒತ್ತು ಗಾಲಿಗೆ ಹೋಗುವುದು ಎಣ್ಣೆಯ ಮೂಲಕ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿ ಸೇರಿದರೆ ನಾವು ಒತ್ತಿದ್ದೆಲ್ಲ ಅದನ್ನು ಹಿಚುಕುವುದರಲ್ಲೇ ಮುಗಿಯುತ್ತದೆ, ಗಾಲಿಗೆ ಏನೂ ಮುಟ್ಟುವುದಿಲ್ಲ.

ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಲಿಯ ಹಿಂದೆ ಮಲಗಬೇಕು. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಎಣ್ಣೆ ಬದಲಿಸುವಾಗ ಒಳಗೆ ಕೂರುವವಳು ನಾನೇ. ಇವರು ಕೆಳಗಿನಿಂದ ‘ಒತ್ತು’ ಅಂದರೆ ಒತ್ತುವುದು. ‘ಹಿಡಿ’ ಅಂದರೆ ಕಾಲನ್ನು ಒತ್ತಿಯೇ ಹಿಡಿಯುವುದು. ಆಗ ಇವರು ಗಾಲಿಯ ಹಿಂದಿನ ನಿಪ್ಪಲ್ ಅನ್ನುವ ಸಣ್ಣ ತಿರುಪನ್ನು ಪಾನಾ ಹಾಕಿ ಸಡಿಲಿಸುತ್ತಾರೆ, ನನ್ನ ಕಾಲು ತಾನೇ ನೆಲಕ್ಕಿಳಿಯುತ್ತದೆ, ಗಾಳಿ ಗುಳ್ಳೆಯಾಗಿ ರಬ್ಬರ್ ನಳಿಗೆಯೊಳಗಿಂದ ಬಾಟಲಿಗೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆ ‘ಬಿಡು’ ಅನ್ನುತ್ತಾರೆ. ಅಲ್ಲಿಯ ತನಕ ಭೂಮಿ ಬಾಯಿ ಬಿಟ್ಟರೂ ಕಾಲು ಎತ್ತುವಂತಿಲ್ಲ. “ನನ್ನ ಹೇಣ್ತಿ ಅರ್ಧಾ ಡ್ರೈವರ್ ಅದಾಳ್ರಿ. ಗಾಡಿ ಓಡಸಾಕ ಬರೂದಿಲ್ಲ, ನಿಲ್ಲಸಾಕ ಬರ್ತೈತಿ” ಅಂತ ಕಂಡವರ ಮುಂದೆಲ್ಲ ನಗುತ್ತಿದ್ದರು.

ಭೀಮಶ್ಯಾನ ಜೊತೆ ಕೆಲಸ ಮಾಡುವವನು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಹೋಗಿದ್ದಾನೆ, ಸುಗ್ಗಿ ಮುಗಿಯುವ ತನಕ ಬರುವುದಿಲ್ಲ. ಪಕ್ಕದ ಮನೆಯ ಶಕೀಲ ತಾನು ಒತ್ತುತ್ತೇನೆಂದು ಕೂತ. ಸೈಕಲ್ಲಿಗೆ ಗಾಳಿ ಹೊಡೆಯುವವನಂತೆ ಒತ್ತೇ ಒತ್ತಿದ. ಡಬ್ಬಿಯಲ್ಲಿ ಎಣ್ಣೆಗೆ ನೊರೆ ಬಂತು. ಭೀಮಶ್ಯಾ ಕೆಳಗಿನಿಂದ ಎದ್ದು ಬಂದು, “ಅಣ್ಣಾ, ನೀ ಇಳಿ. ಗಾಡಿಗೆ ಬ್ರೇಕ್ ಬೇಕಾಗೈತಿ, ಮಜ್ಜಿಗಿ ಅಲ್ಲ” ಅಂದ. ಆಮೇಲೆ ತಲೆ ತಗ್ಗಿಸಿ ಅತ್ತೆಗೆ ಹೇಳಿದ: “ಇದಕ್ಕ ವೈನಿ ಕಾಲು ಬೇಕ್ರಿ ಆಯಿ.”

ಕಡೆಗೆ ಅತ್ತೆಯೇ ದಾರಿ ತೆಗೆದರು. ಗಾಡಿ ನಮ್ಮ ಅಂಗಳದೊಳಗೇ ಇದೆ. ಮದುಮಕ್ಕಳಿಗಾಗಿ ಕಿಟಕಿಗೆಲ್ಲ ಪರದೆ ಇದ್ದೇ ಇದೆ. ಭೀಮಶ್ಯಾ ಮೊದಲೇ ಗಾಡಿಯ ಕೆಳಗೆ ಹೋಗಬೇಕು, ಆಮೇಲೆ ನಾನು ಹೋಗಿ ಕೂತು ಪರದೆ ಎಳೆದುಕೊಳ್ಳಬೇಕು. ನಾನು ಅವನ ಜೊತೆ ಮಾತಾಡುವಂತಿಲ್ಲ, ಅವನು ನನ್ನ ಜೊತೆ ಮಾತಾಡುವಂತಿಲ್ಲ. ನಡುವೆ ಹೊರಸು ಹಾಕಿಕೊಂಡು ಅತ್ತೆ ಕೂರುತ್ತಾರೆ. ಅವನು ಅವರಿಗೆ ಹೇಳಬೇಕು, ಅವರು ನನಗೆ ಹೇಳಬೇಕು. ಅಷ್ಟು ಕಟ್ಟುನಿಟ್ಟು ಮಸೀದಿಯವರೂ ಹೇಳಿರಲಿಲ್ಲ. ಅತ್ತೆಗೆ ಅವರ ಅತ್ತೆ ಹೇಳಿಕೊಟ್ಟದ್ದು ಅದು. ಅತ್ತೆಯೂ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಹಾಗೆ ಇದ್ದತ್ ಕೂತು ಎದ್ದವರು. ನಾನು ಎದುರಾಡಲಿಲ್ಲ.

ನಾಳೆ ಶುರು ಮಾಡುತ್ತೇವೆ. ಬ್ರೇಕು ಸರಿಯಾದರೆ ಹೌದು ಅನ್ನುತ್ತೇನೆ. ದಾನೇಶ್ವರಿಗೆ ಅಲ್ಲಾ ಒಳ್ಳೆಯದು ಮಾಡಲಿ.

ನಿನ್ನ
ಅಬಿದಾ

 

ಬಸವನ ಬಾಗೇವಾಡಿ
೧೫ ನವೆಂಬರ್ ೨೦೨೫

ರಾಜೂ,

ಈ ಕಾಗದದಲ್ಲಿ ಒಳ್ಳೆಯ ಸುದ್ದಿ ಇಲ್ಲ. ಅದಕ್ಕೇ ಇಷ್ಟು ದಿನ ಬರೆಯದೆ ಮುಂದೂಡಿದೆ.

ಭೀಮಶ್ಯಾ ದಿನಾ ಮಧ್ಯಾಹ್ನ ಬರುತ್ತಾನೆ. ಮೊದಲ ದಿನ ನಾಲ್ಕೂ ಗಾಲಿಯ ಗಾಳಿ ತೆಗೆದೆವು, ಸಂಜೆಗೆ ಪೆಡಲ್ ಮೆತ್ತಗೇ ಇತ್ತು. ಹಳೆಯ ರಬ್ಬರ್ ಪೈಪುಗಳು ಒತ್ತಿದಾಗ ಊದಿಕೊಳ್ಳುತ್ತಿರಬೇಕು ಅಂದ, ಅವನ್ನು ಬದಲಿಸಿದ. ಮತ್ತೆ ಗಾಳಿ ತೆಗೆದೆವು. ಮೆತ್ತಗೆ. ಪೆಡಲಿನ ಮುಂದಿರುವ ಮಾಸ್ಟರ್ ಸಿಲಿಂಡರಿನ ವಾಷರ್ ಸವೆದಿರಬೇಕು ಅಂದ. ಅದು ಇಲ್ಲೆಲ್ಲೂ ಸಿಗಲಿಲ್ಲ. ತರನ್ನುಮಳ ಗಂಡ ಇಂಡಿಯಿಂದ ಸೊಲ್ಲಾಪುರಕ್ಕೆ ಹೋಗಿ ತಂದು, ಬಸ್ಸಿನಲ್ಲಿ ಕಳಿಸಿದ. ಅದನ್ನೂ ಹಾಕಿದ್ದಾಯಿತು. ಗಾಲಿಯೊಳಗಿನ ಬ್ರೇಕ್ ಶೂಗಳು ಡ್ರಮ್ಮಿಗೆ ದೂರ ಇದ್ದರೂ ಪೆಡಲ್ ಕೆಳಗೆ ಹೋಗುತ್ತದಂತೆ. ಅವನ್ನು ಹತ್ತಿರ ತಂದು, ಗಾಲಿಯನ್ನು ಕೈಯಿಂದ ತಿರುಗಿಸಿ, ಉಜ್ಜುವ ಸದ್ದು ಕೇಳಿ ಸರಿಮಾಡಿದ. ಎಲ್ಲೂ ಎಣ್ಣೆ ಸೋರುತ್ತಿಲ್ಲ. ಎಲ್ಲವೂ ಸರಿ ಇದೆ, ಪೆಡಲ್ ಮಾತ್ರ ಸರಿ ಇಲ್ಲ.

ನಿನ್ನೆ ಅವನು ಅಂಗಳದ ಕಲ್ಲಿನ ಮೇಲೆ ಕೂತು ಎಣ್ಣೆಗೈ ಒರೆಸಿಕೊಳ್ಳುತ್ತ ಅತ್ತೆಗೆ ಹೇಳಿದ್ದು ನನಗೆ ಒಳಗೆ ಕೇಳಿಸಿತು.

“ಆಯಿ, ನನಗ ಬಗೀಹರಿವಲ್ದು. ಬಾಬಣ್ಣ ಇದ್ದಿದ್ರ ಇಷ್ಟೊತ್ತಿಗೆ ನನ್ನ ಕಿವಿ ಹಿಂಡಿ ತೋರಸ್ತಿದ್ದ.”

“ಅವ ಇದ್ದಿದ್ರ ನಿನ್ನ ಯಾಕ ಕರೀತಿದ್ದೆನೋ?” ಅಂದರು ಅತ್ತೆ. ಅವರಿಬ್ಬರೂ ಸಣ್ಣಗೆ ನಕ್ಕರು.

ಒಳಗೆ ಕೂತು ಒತ್ತುವಾಗ ಹೇಗನ್ನಿಸುತ್ತದೆ ಹೇಳಲೇ? ಪರದೆಯ ಒಳಗೆ ಬಿಸಿಲು ಕೆಂಪಗೆ ಕಾಣುತ್ತದೆ. ಸೀಟಿನಲ್ಲಿ ಇನ್ನೂ ಇವರು ತಲೆಗೆ ಹಚ್ಚುತ್ತಿದ್ದ ಎಣ್ಣೆಯ ವಾಸನೆ ಇದೆ. ನನ್ನ ಕಾಲು ಗಿಡ್ಡ ಅಂತ ಸೀಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ, ಕೆಲಸ ಮುಗಿದ ಮೇಲೆ ಇವರು ಗೊಣಗುತ್ತ ಹಿಂದಕ್ಕೆ ಸರಿಸುತ್ತಿದ್ದರು. ಈಗ ಸೀಟು ಮುಂದೆಯೇ ಇದೆ. ಹೊರಗಿನಿಂದ ಭೀಮಶ್ಯಾನ ದನಿ ಗುಂಯ್ ಅನ್ನುತ್ತದೆ, ಆಮೇಲೆ ಅತ್ತೆಯ ದನಿ ಬರುತ್ತದೆ. “ಒತ್ತು ಅಂತಾನವ್ವಾ.” “ಹಿಡಿ ಅಂತಾನ.” “ಬಿಡು, ಬಿಡವ್ವಾ.” ಎಂಬತ್ತರ ಮುದುಕಿಯ ಬಾಯಲ್ಲಿ ಆ ಮಾತುಗಳನ್ನು ಕೇಳುತ್ತ ಒಬ್ಬಳೇ ಕೂತಿರುತ್ತೇನೆ. ಎದುರಿನ ಕಾಜಿನಲ್ಲಿ ನಮ್ಮದೇ ಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ.

ನೀನು ಬೇರೆ ಗಾಡಿ ನೋಡಿಕೊಳ್ಳುವುದೇ ಒಳ್ಳೆಯದು. ಸಿಂದಗಿಯ ದಾರಿಯಲ್ಲಿ ಈಗ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಇರುತ್ತವೆ, ಹಿಂದೆ ದೀಪ ಇರುವುದಿಲ್ಲ. ನಿಲ್ಲದ ಗಾಡಿಯಲ್ಲಿ ನಿನ್ನ ಮಗಳನ್ನು ಕೂಡಿಸಲು ನನಗೆ ಧೈರ್ಯವಿಲ್ಲ. ನಿನ್ನ ಮೈದುನರಿಗೆ ಹೇಳು, ಅವರ ಮಾತೇ ನಡೆಯಿತು ಅಂತ.

ಹೀಗೆ ಬರೆದುಬಿಟ್ಟರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಈ ಗಾಡಿ ಈ ಮದುವೆಗೆ ಹೋಗದಿದ್ದರೆ ಇನ್ನು ಯಾವ ಮದುವೆಗೂ ಹೋಗುವುದಿಲ್ಲ ರಾಜೂ. ‘ಅದರ ಕೆಳಗ ಸತ್ತ’ ಅನ್ನುವುದೇ ಅದರ ಹೆಸರಾಗುತ್ತದೆ. ಇಷ್ಟು ವರ್ಷ ಅಷ್ಟು ಜನರನ್ನು ಅಷ್ಟು ಮೆಲ್ಲಗೆ ಮುಟ್ಟಿಸಿದ್ದನ್ನು ಯಾರೂ ನೆನೆಯುವುದಿಲ್ಲ.

ಭೀಮಶ್ಯಾ ಇನ್ನೊಂದು ಸಲ ನೋಡುತ್ತೇನೆ ಅಂದಿದ್ದಾನೆ. ನೀನು ಮಾತ್ರ ಕಾಯಬೇಡ.

ಅಬಿದಾ

 

ಬಸವನ ಬಾಗೇವಾಡಿ
೨೨ ನವೆಂಬರ್ ೨೦೨೫

ನನ್ನ ರಾಜೂ,

ಗಾಡಿ ಬರುತ್ತದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಉಳಿದದ್ದನ್ನು ನೀನು ನಿಧಾನಕ್ಕೆ ಓದು. ಕಾಯಬೇಡ ಅಂತ ಬರೆದಿದ್ದೆ; ನೀನು ಬೇರೆ ಗಾಡಿಯನ್ನು ಗೊತ್ತು ಮಾಡಲಿಲ್ಲವೆಂದು ತರನ್ನುಮ ಫೋನಿನಲ್ಲಿ ಹೇಳಿದಳು. ನೀನು ಶಾಲೆಯಲ್ಲೂ ಹೀಗೇ ಇದ್ದೆ, ಹೇಳಿದ ಮಾತು ಕೇಳಿದವಳಲ್ಲ.

ಆಗಿದ್ದು ಹೀಗೆ. ಮಂಗಳವಾರ ಭೀಮಶ್ಯಾ ಬಂದು ಹಿಂದಿನ ಎಡಗಾಲಿಯ ಹತ್ತಿರ ಮಲಗಿದ. ಎಲ್ಲಕ್ಕಿಂತ ದೂರದ ಗಾಲಿ ಅದು, ಗಾಳಿ ತೆಗೆಯುವುದನ್ನು ಯಾವಾಗಲೂ ಅಲ್ಲಿಂದಲೇ ಶುರು ಮಾಡುತ್ತಾರೆ. ಈ ಸಲ ಅವನು ಬಾಟಲಿ ಮತ್ತು ನಳಿಗೆ ಎರಡೂ ಬಿಳಿ ಕಾಜಿನಂಥವು ತಂದಿದ್ದ, ಸಲಾಯಿನ್ ಹಚ್ಚುವ ನಳಿಗೆ. ನಾನು ಪರದೆಯೊಳಗೆ, ಅತ್ತೆ ಹೊರಸಿನ ಮೇಲೆ. ಒತ್ತು ಅಂತಾನ, ಒತ್ತಿದೆ. ಹಿಡಿ ಅಂತಾನ, ಹಿಡಿದೆ. ಬಿಡು ಅಂದರು, ಬಿಟ್ಟೆ. ಹೀಗೆ ಎರಡು ಮೂರು ಸಲ ಆಯಿತು. ಆಮೇಲೆ ಭೀಮಶ್ಯಾ ಏನೂ ಅನ್ನಲಿಲ್ಲ. ಕೆಳಗೆ ಅವನು ಉಸಿರಾಡುವ ಸದ್ದು ಕೇಳುತ್ತದೋ ಅಂತ ಕಿವಿಗೊಟ್ಟೆ.

ಕಡೆಗೆ ಅವನ ದನಿ ಬಂತು. “ಆಯಿ, ಎಣ್ಣಿ ಹಿಂದಕ ಓಡಾಕತ್ತೈತಿ.”

“ಎಲ್ಲಿಗಿ ಓಡ್ತೈತಿ?”

“ಹೊರಗ ಬಂದಿದ್ದ ಗುಳ್ಳಿ ನಳಿಗ್ಯಾಗಿಂದ ತಿರುಗಿ ಗಾಲ್ಯಾಗ ಹೊಂಟಾವ. ನಾ ನಿಪ್ಪಲ್ ಬಿಗಿ ಮಾಡೂದಕ್ಕ ಮೊದಲ ವೈನಿ ಕಾಲು ಮ್ಯಾಲ ಬರಾಕತ್ತೈತಿ.”

“ಆಕಿ ನಾ ಹೇಳಿದಂಗ ಮಾಡಾಕತ್ತಾಳ.”

“ಹೌದ್ರಿ. ಆದ್ರ ನಾ ಬಿಡು ಅಂದೇ ಇಲ್ಲಲ್ರಿ! ನೀವ ಅಂದ್ರಿ!”

ಅತ್ತೆಗೆ ಸಿಟ್ಟು ಬಂತು. “ನಾ ಸುಳ್ಳ ಹೇಳ್ತೇನೇನೋ? ಈ ವಯಸ್ಸಿನ್ಯಾಗ ನಿನ್ನ ಕಡಿಂದ ಸುಳ್ಳಬುರುಕಿ ಅನಿಸ್ಕೋಬೇಕಾತೇನು?”

“ಅಯ್ಯೋ ಸುಳ್ಳ ಅನ್ನಲಿಲ್ರಿ ನಮ್ಮವ್ವಾ. ಅವಸರ ಅಂದೆ.”

“ಅವಸರ ಅಲ್ಲೋ” ಅಂದರು ಅತ್ತೆ. ಅವರ ದನಿ ಇಳಿದಿತ್ತು. “ಎಷ್ಟಂತ ಹಿಡೀಬೇಕೋ ಆಕಿ? ನೀ ಕೆಳಗ ಮಲಗಿರ್ತಿ, ನಿನಗ ಕಾಣೂದಿಲ್ಲ. ಪರದೆ ಸಂದ್ಯಾಗಿಂದ ನನಗ ಆಕಿ ಕಾಲು ಕಾಣ್ತೈತಿ. ಹಿಡಿ ಅಂದ ಕೂಡಲೇ ನಡಗಾಕ ಸುರು ಆಗ್ತೈತಿ. ನನ್ನ ಕೈಲೆ ನೋಡಾಕ ಆಗೂದಿಲ್ಲ. ಬಿಡು ಅಂತ ನನ್ನ ಬಾಯಿ ತಾನ ಅಂತೈತಿ.”

ನೋಡು ರಾಜೂ, ಎಲ್ಲ ಬದಲಿಸಿದ್ದೆವು. ಪೈಪು, ವಾಷರು, ಎಣ್ಣೆ. ಕೆಟ್ಟದ್ದು ಏನೂ ಇರಲಿಲ್ಲ. ನಾವು ಒಬ್ಬರಿಗೊಬ್ಬರು ಮಾತಾಡದಂತೆ ನಡುವೆ ಕೂತ ಮುದುಕಿ, ಸೊಸೆಯ ಕಾಲು ನೋಯುತ್ತದೆ ಅಂತ ಪ್ರತಿ ಸಲ ಒಂದು ಗಳಿಗೆ ಮೊದಲೇ ಬಿಡಿಸುತ್ತಿದ್ದರು. ಹೊರಗೆ ತೆಗೆದ ಗಾಳಿಯನ್ನು ನಾನೇ ತಿರುಗಿ ಒಳಗೆ ಎಳೆದುಕೊಳ್ಳುತ್ತಿದ್ದೆ.

ಬೇವಿನ ಮರದಲ್ಲಿ ಗಿಳಿಗಳು ಗಲಾಟೆ ಮಾಡುತ್ತಿದ್ದವು. ಆಗ ನನ್ನ ಬಾಯಿಂದ ಮಾತು ಬಂತು. ಇವರು ಹೋದ ಮೇಲೆ ಹೊರಗಿನ ಗಂಡಸಿನ ಜೊತೆ ನಾನು ಆಡಿದ ಮೊದಲ ಮಾತು.

“ಭೀಮಶ್ಯಾ, ನೀನ ಹೇಳಪಾ. ನಾ ಹಿಡೀತೇನಿ.”

ಅತ್ತೆ ಬೈಯುತ್ತಾರೆ ಅಂದುಕೊಂಡೆ. ಅವರು ಹೊರಸಿನಿಂದ ಎದ್ದರು. ಕೋಲು ಊರಿಕೊಂಡು ಗಾಡಿಯ ಹತ್ತಿರ ಬಂದು, ಪರದೆಯ ಮೇಲಿಂದಲೇ ನನ್ನ ಭುಜವನ್ನು ಮುಟ್ಟಿದರು. “ಮಾತಾಡ್ರಿ. ಗುನಾ ಆದ್ರ ನನ್ನ ಲೆಕ್ಕಕ್ಕ ಬರಲಿ. ನಾ ಒಳಗ ಹೋಗ್ತೇನಿ, ನನಗ ಇದನ್ನ ಕೇಳೂದಾಗೂದಿಲ್ಲ” ಅಂದರು. ಅವರು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡ ಸದ್ದು ಕೇಳಿಸಿತು.

ಆಮೇಲೆ ನಾವಿಬ್ಬರೇ ಮಾಡಿದೆವು. “ಒತ್ರಿ ವೈನಿ.” “ಒತ್ತೇನಿ.” “ಹಿಡೀರಿ.” “ಹಿಡದೇನಿ.” ಆ ಪ್ರತಿಯೊಂದು ‘ಹಿಡೀರಿ’ ಆದ ಮೇಲೆ ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಕಾಲು ನಡುಗಿತು, ಎತ್ತಲಿಲ್ಲ. ಪ್ರತಿ ಸಲವೂ ಕೆಳಗಿನಿಂದ “ಬಿಡ್ರೀ” ಅಂತ ದನಿ ಬಂತು. ಒಂದು ಸಲವೂ ತಪ್ಪಲಿಲ್ಲ. ಹಿಂದಿನ ಎಡಗಾಲಿ, ಹಿಂದಿನ ಬಲಗಾಲಿ, ಮುಂದಿನ ಎಡಗಾಲಿ, ಕಡೆಗೆ ನನ್ನ ಕಾಲ ಹತ್ತಿರದ್ದು. ಅದು ಮುಗಿದಾಗ ಪೆಡಲ್ ಅರ್ಧಕ್ಕೇ ನಿಂತಿತು. ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ಒತ್ತಿ ಹಿಡಿದರೂ ಇಳಿಯಲಿಲ್ಲ.

“ಹ್ಯಾಂಗೈತ್ರಿ ವೈನಿ?”

“ಗಟ್ಟಿ ಐತಿ” ಅಂದೆ. ಅವನು ಕೆಳಗೆ ಮೂಗು ಏರಿಸಿದ ಸದ್ದು ಕೇಳಿಸಿತು, ಧೂಳಿನಿಂದ ಇರಬಹುದು.

ಮರುದಿನ ಅವನು ಗಾಡಿಯನ್ನು ಊರ ಹೊರಗಿನ ಇಳಿಜಾರಿಗೆ ಒಯ್ದು, ತುಂಬಿದ ನೀರಿನ ತಂಬಿಗೆಯನ್ನು ಮುಂದೆ ಇಟ್ಟುಕೊಂಡು ನಿಲ್ಲಿಸಿ ನೋಡಿದನಂತೆ. ಶಕೀಲ ಜೊತೆಗೆ ಹೋಗಿದ್ದ. “ನೀರು ಚೆಲ್ಲಲಿಲ್ಲ, ನಂಬ್ರಿ ನನ್ನ” ಅಂತ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಮಜ್ಜಿಗೆ ಮಾಡಿದವನು ಅಂತ ಯಾರೂ ಅವನಿಗೆ ನೆನಪಿಸುತ್ತಿಲ್ಲ.

ಗಾಡಿ ಓಡಿಸುವವನು ಭೀಮಶ್ಯಾ. ಹಿಂದಿನ ದಿನ ಸಂಜೆಗೇ ಮುದ್ದೇಬಿಹಾಳಕ್ಕೆ ಬರುತ್ತಾನೆ. ಮುಂದಿನ ಸೀಟಿನಲ್ಲಿ ಯಾರು ಬರುತ್ತಾರೆ ಗೊತ್ತೇ? ಅತ್ತೆ. ನಾನು ಬೇಡವೆಂದೆ, ಮೊಣಕಾಲು, ಚಳಿ ಎಲ್ಲ ಹೇಳಿದೆ. “ಸತ್ತಾಂವ ನನ್ನ ಮಗ. ಆ ಗಾಡ್ಯಾಗ ನಾನ ಕುಂತು ಬರ್ತೇನಿ. ಅದು ಅಪಶಕುನ ಅನ್ನಾಂವ ನನ್ನ ಮುಂದ ಬಂದು ಅನ್ಲಿ” ಅಂದರು. ನಿನ್ನ ಮೈದುನರಿಗೆ ಮೊದಲೇ ತಿಳಿಸಿಬಿಡು, ಒಳ್ಳೆಯದು. ಅತ್ತೆಗೆ ಸಿಹಿ ಕೊಡಬೇಡ, ಸಕ್ಕರೆ ಕಾಯಿಲೆ ಇದೆ. ಕದ್ದು ತಿನ್ನುತ್ತಾರೆ, ಕಣ್ಣಿಟ್ಟಿರು.

ನಾನು ಬರುವಂತಿಲ್ಲ. ಅವತ್ತು ಶಕೀಲನ ಹೆಂಡತಿ ನಸ್ರೀನ ನನ್ನ ಜೊತೆಗೆ ಇರುತ್ತಾಳೆ. ಅಂಗಳ ಬರಿದಾಗಿರುವುದನ್ನು ನೋಡಬೇಕು. ಪರವಾಗಿಲ್ಲ, ಅದು ಒಳ್ಳೆಯ ಕೆಲಸಕ್ಕೆ ಹೋಗಿದೆ ಅಂದುಕೊಳ್ಳುತ್ತೇನೆ. ದಾನೇಶ್ವರಿಗೆ ಹೇಳು, ಅವಳು ಕೂತ ಗಾಡಿಯ ಬ್ರೇಕಿನಲ್ಲಿ ಅವಳ ಅಬಿದಾ ಮೌಶಿಯ ಕಾಲು ಇದೆ ಅಂತ. ಅವಳ ಸಂಸಾರ ಹೋಗುವಲ್ಲಿ ಹೋಗಲಿ, ನಿಲ್ಲಬೇಕಾದಲ್ಲಿ ಮೆಲ್ಲಗೆ ನಿಲ್ಲಲಿ. ಅವಳ ಉಡಿ ತುಂಬಿರಲಿ. ನಿನ್ನ ಮನೆಯ ಬಾಗಿಲಲ್ಲಿ ನಗು ಇರಲಿ.

ನಿನ್ನವಳೇ ಆದ
ಅಬಿದಾ

ತಾಜಾಕಲಮು: ಮೇಲಿನದನ್ನು ಎಲ್ಲರೆದುರು ಓದು. ಇದನ್ನು ನೀನೊಬ್ಬಳೇ ಓದಿಕೋ.

ಇವರ ಮಣ್ಣಿಗೆ ನೀನು ಬಂದಾಗ ಅತ್ತೆ ಹೇಳಿದ್ದು, “ಆಕಿ ಒಳಗ ಅಡಗಿ ಮಾಡಾಕತ್ತಿದ್ಲು.” ಎಲ್ಲರಿಗೂ ಹಾಗೇ ಹೇಳಿದ್ದಾರೆ. ನಾನು ಅಡುಗೆ ಮಾಡುತ್ತಿರಲಿಲ್ಲ ರಾಜೂ. ಗಣಪತಿ ಹಬ್ಬದ ಹಿಂದಿನ ವಾರ, ಎಣ್ಣೆ ಬದಲಿಸುವ ಕೆಲಸ. ನಾನು ಗಾಡಿಯೊಳಗೆ ಇದ್ದೆ. ಇವರು ಕೆಳಗಿನಿಂದ ‘ಹಿಡಿ’ ಅಂದರು. ಹಿಡಿದೆ. ಕಾಲು ನೆಲಕ್ಕಿಳಿಯಿತು. ಆಮೇಲೆ ದನಿ ಬರಲಿಲ್ಲ.

ಇವರು ಕೆಲಸದಲ್ಲಿದ್ದಾಗ ಮಾತಿಗೆ ಮಾತು ಕೊಡುವವರಲ್ಲ. ಪಾನಾ ಜಾರಿರಬೇಕು, ಹುಡುಕುತ್ತಿರಬೇಕು ಅಂದುಕೊಂಡೆ. ನಾನು ಮಾತಾಡುತ್ತಲೇ ಇದ್ದೆ. ಹಾಲು ಒಡೆದು ಹೋಗಿದೆ, ಚಹಾ ಕರಿದೇ ಕುಡಿಯಬೇಕು ಅಂದೆ. ತರನ್ನುಮ ಹಬ್ಬದ ರಜೆಗೆ ಬರುತ್ತಾಳಂತೆ ಅಂದೆ. ನನ್ನ ಕಾಲು ಜೋಮು ಹಿಡಿಯಿತು ಅಂತ ಬೈದೆ ಕೂಡ. ಎಷ್ಟು ಹೊತ್ತೋ ಗೊತ್ತಿಲ್ಲ. ಮೊದಲ ಗಳಿಗೆಯಲ್ಲೇ ಎದೆ ನಿಂತುಹೋಗಿತ್ತು, ನಾನು ಇಳಿದಿದ್ದರೂ ಏನೂ ಆಗುತ್ತಿರಲಿಲ್ಲ ಅಂದರು ದವಾಖಾನೆಯವರು. ಇರಬಹುದು. ಅವರನ್ನೂ ಅತ್ತೆಯನ್ನೂ ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ.

ಅತ್ತೆ ನೀರು ಚೆಲ್ಲಲು ಹೊರಗೆ ಬಂದವರು ಇವರ ಕಾಲುಗಳನ್ನು ಕಂಡರು. ಕೂಗಲಿಲ್ಲ. ನನ್ನ ಬಾಗಿಲ ಹತ್ತಿರ ಬಂದು, “ಬಿಡವ್ವಾ, ಬಿಡು” ಅಂದರು.

“ಅವರು ಇನ್ನೂ ಅಂದಿಲ್ಲ ಅತ್ತಿ” ಅಂದೆ.

ಬಗ್ಗಲಾರದ ಮೊಣಕಾಲು ಊರಿ ಅವರು ಕೆಳಗೆ ಕೂತರು. ಎರಡೂ ಕೈಯಿಂದ ನನ್ನ ಕಾಲನ್ನು ಹಿಡಿದು, ಪೆಡಲಿನ ಮೇಲಿಂದ ಎತ್ತಿ ಇಟ್ಟರು.